ಮಡಿಕೇರಿಯ ಮನೆಗೆ ತೊಳೆದು ಬಳಸುವ ಎಲೆಕ್ಟ್ರಾನಿಕ್ ಫಿಲ್ಟರ್‌ನ ಏರ್ ಪ್ಯೂರಿಫೈಯರ್ ಆಗುತ್ತಾ?

ಆಗುತ್ತೆ, ಆದರೆ ಮಳೆಗಾಲದಲ್ಲಿ ಕೈ ಕೊಡುತ್ತೆ.

ಇದರಲ್ಲಿ ತೆಳು ತಂತಿಗಳು ಧೂಳಿನ ಕಣಕ್ಕೆ ವಿದ್ಯುದಾವೇಶ ಕೊಡುತ್ತವೆ, ಹಿಂದಿರುವ ಲೋಹದ ಪ್ಲೇಟುಗಳು ಅದನ್ನು ಎಳೆದು ಹಿಡಿಯುತ್ತವೆ. ಪ್ಲೇಟಿನ ಮೇಲೆ ಕೊಳೆ ಕೂತಷ್ಟೂ ಹಿಡಿತ ಕಡಿಮೆ. ಹಾಗಾಗಿ ತೊಳೆಯೋದು ಅನುಕೂಲವಲ್ಲ, ಕಡ್ಡಾಯ. ಸೌದೆ ಒಲೆಯ ಹೊಗೆ ಇರುವ ಮನೆಯಲ್ಲಂತೂ ಕಂದು ಜಿಡ್ಡು ಬೇಗ ಕಟ್ಟುತ್ತೆ.

ತೊಳೆದ ಮೇಲಿನ ಕಥೆಯೇ ಬೇರೆ. ಜುಲೈನಲ್ಲಿ ನಮ್ಮ ಬಟ್ಟೆಯೇ ನಾಲ್ಕು ದಿನವಾದರೂ ಒಣಗಲ್ಲ, ಪ್ಲೇಟುಗಳ ಸಂದಿಯ ನೀರು ಒಣಗುತ್ತಾ? ಒಮ್ಮೆ ಅವಸರಪಟ್ಟು ಹಾಕಿದೆ: ಒಳಗೆ ಚಟಪಟ ಕಿಡಿ, ಬಾಣಲೆಗೆ ಸಾಸಿವೆ ಹಾಕಿದ ಹಾಗೆ. ಈಗ ಫ್ಯಾನ್ ಎದುರು ಒಂದು ದಿನ ನಿಲ್ಲಿಸಿಯೇ ಹಾಕೋದು.

ಇನ್ನೊಂದು, ಓಝೋನ್, ಶ್ವಾಸಕೋಶಕ್ಕೆ ಕೆಡುಕಾದ ಅನಿಲ. ಈ ತಂತ್ರದಲ್ಲಿ ಅದು ಸ್ವಲ್ಪವಾದರೂ ಹುಟ್ಟುತ್ತೆ. ಅಮೆರಿಕದ ಕ್ಯಾಲಿಫೋರ್ನಿಯಾದ ಮಿತಿ 0.050 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 0.050 ಭಾಗ), ಆ ಪ್ರಮಾಣಪತ್ರ ಇದೆಯಾ ನೋಡಿ. ಮನೆಯಲ್ಲಿ ಆಸ್ತಮಾ ಇದ್ದರೆ ನಾನು ಹೆಪಾ ಫಿಲ್ಟರನ್ನೇ (ಸಣ್ಣ ಕಣವನ್ನೂ ಸೋಸುವ, ತೊಳೆಯದೆ ಆಗಾಗ ಬದಲಿಸುವ ಫಿಲ್ಟರ್) ಹೇಳ್ತೀನಿ, ಖರ್ಚು ಹೆಚ್ಚಾದರೂ ಸರಿ.

ಕೊಳ್ಳುವಾಗ ಸಿಎಡಿಆರ್ ಕೇಳಿ, ಅಂದರೆ ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತೆ ಅಂತ. 12×12 ಅಡಿ, 10 ಅಡಿ ಎತ್ತರದ ಕೋಣೆ ಅಂದರೆ ಸುಮಾರು 41 ಘನ ಮೀಟರ್. ಗಂಟೆಗೆ ಐದು ಸಲ ಗಾಳಿ ಶುದ್ಧವಾಗಲು ಸಿಎಡಿಆರ್ ಸುಮಾರು 200 ಬೇಕು. ‘99% ಶುದ್ಧ’ ಎಂಬ ಸ್ಟಿಕ್ಕರ್ ನಂಬಬೇಡಿ.

ಅಂದಹಾಗೆ, ನಿಮ್ಮ ತೊಂದರೆ ಗೋಡೆಯ ಬೂಷ್ಟಾದರೆ ಪ್ಯೂರಿಫೈಯರ್ ಅಲ್ಲ, ಗಾಳಿಯ ತೇವ ತೆಗೆಯುವ ಡಿಹ್ಯೂಮಿಡಿಫೈಯರ್ ತಗೊಳ್ಳಿ.