ಒಂದೇ ಫೈಲು, ಎರಡು ಥರದ ಗುಂಪು

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟಿಗೆ ನಾಟಿ ಬದನೆ ತಳಿಗಳನ್ನು ಗುಂಪು ಮಾಡುತ್ತಿದ್ದೇನೆ. ಕಾಯಿ, ಎಲೆಯ ಅಳತೆ ಇದೆ, ಡಿಎನ್‌ಎ ಬ್ಯಾಂಡ್ ಡೇಟಾನೂ (ಪ್ರತಿ ತಳಿಯಲ್ಲಿ ಯಾವ ಡಿಎನ್‌ಎ ತುಣುಕಿನ ಗೆರೆ ಇದೆ, ಯಾವುದು ಇಲ್ಲ ಅನ್ನೋ ಪಟ್ಟಿ) ಇದೆ. ಎಸ್‌ಪಿಎಸ್‌ಎಸ್ ಅನ್ನೋ ಅಂಕಿಅಂಶದ ಸಾಫ್ಟ್‌ವೇರ್‌ನಲ್ಲಿ ಒಟ್ಟಿಗೆ ಬಂದ ತಳಿಗಳು ಆರ್ ಅನ್ನೋ ಇನ್ನೊಂದರಲ್ಲಿ ಬೇರೆ ಬೇರೆ ಕಡೆ ಹೋಗಿವೆ. ಯಾವುದನ್ನು ನಂಬಲಿ?
– ಓದುಗರು, ಧಾರವಾಡ

ಉತ್ತರ: ಸದ್ಯಕ್ಕೆ ಎರಡನ್ನೂ ಬೇಡ. ನೀವು ಏನನ್ನೂ ಆರಿಸದೆ ಸುಮ್ನೆ ಓಕೆ ಒತ್ತಿದ್ದೀರಿ ಅನ್ನೋದು ನನ್ನ ಗುಮಾನಿ. ಆಗ ಸಾಫ್ಟ್‌ವೇರ್ ತನಗೆ ಬೇಕಾದ್ದನ್ನು ತಾನೇ ಆರಿಸಿಕೊಳ್ಳುತ್ತದೆ. ಎಸ್‌ಪಿಎಸ್‌ಎಸ್ ಗುಂಪುಗಳ ನಡುವಿನ ಸರಾಸರಿ ದೂರ ನೋಡುತ್ತದೆ, ಅದೂ ವರ್ಗ (ಸ್ಕ್ವೇರ್) ಮಾಡಿದ ದೂರ. ಆರ್‌ನಲ್ಲಿ ಗುಂಪು ಮಾಡುವ ಎಚ್‌ಕ್ಲಸ್ಟ್ ಆಜ್ಞೆ ಹಿಡಿಯೋದು ಕಂಪ್ಲೀಟ್ ಲಿಂಕೇಜ್, ಅಂದರೆ ಎರಡು ಗುಂಪುಗಳ ಅತಿ ದೂರದ ಸದಸ್ಯರ ನಡುವಿನ ದೂರ. ಪೈಥಾನ್ ಭಾಷೆಯ ಸೈಪೈ ಪ್ಯಾಕೇಜಿಗೆ ಕೊಟ್ಟಿದ್ದರೆ ಸಿಂಗಲ್ ಲಿಂಕೇಜ್ (ಅತಿ ಹತ್ತಿರದ ಸದಸ್ಯರ ದೂರ) ಹಿಡಿದು, ಒಂದರ ಬಾಲಕ್ಕೆ ಇನ್ನೊಂದು ಅಂಟಿಸಿಕೊಂಡು ಉದ್ದ ಸರಪಳಿ ಮಾಡಿಬಿಡುತ್ತಿತ್ತು. ಗುಂಪಿನೊಳಗಿನ ವ್ಯತ್ಯಾಸ ಆದಷ್ಟು ಕಡಿಮೆ ಹೆಚ್ಚುವಂತೆ ಸೇರಿಸುವ ‘ವಾರ್ಡ್’ ವಿಧಾನ ಆರಿಸಿದರೂ ಹುಷಾರು: 2014ರಿಂದ ಆರ್‌ನಲ್ಲಿ ವಾರ್ಡ್.ಡಿ, ವಾರ್ಡ್.ಡಿ2 ಅಂತ ಎರಡಿವೆ, ವರ್ಗ ಮಾಡದ ದೂರ ಕೊಡುವುದಾದರೆ ನಿಜವಾದ ವಾರ್ಡ್ ಸಿಗೋದು ಡಿ2ರಲ್ಲಿ ಮಾತ್ರ.

ಅಳತೆಗಳನ್ನು ಸ್ಟ್ಯಾಂಡರ್ಡೈಸ್ ಮಾಡಿದ್ದೀರಾ, ಅಂದರೆ ಎಲ್ಲವನ್ನೂ ಒಂದೇ ಮಾಪನಕ್ಕೆ ತಂದಿದ್ದೀರಾ? ಕಾಯಿಯ ತೂಕ ತಳಿಯಿಂದ ತಳಿಗೆ ನೂರಾರು ಗ್ರಾಂ ಆಚೀಚೆ ಆಗುತ್ತದೆ, ಎಲೆಯ ಅಗಲ ನಾಲ್ಕೈದು ಸೆಂಟಿಮೀಟರ್ ಅಷ್ಟೇ. ಹಾಗೇ ಬಿಟ್ಟರೆ ಎಲೆಯ ಮಾತು ಯಾರೂ ಕೇಳಲ್ಲ. ಎರಡು ಸಾಫ್ಟ್‌ವೇರ್‌ಗಳೂ ಇದನ್ನು ತಾವಾಗಿ ಮಾಡೋದಿಲ್ಲ, ನೀವೇ ಹೇಳಬೇಕು.

ಬ್ಯಾಂಡ್ ಡೇಟಾದ ಕಥೆಯೇ ಬೇರೆ, ಜಾಸ್ತಿ ಜನ ಎಡವೋದು ಇಲ್ಲೇ. ಒಟ್ಟು 20 ಬ್ಯಾಂಡ್ ಅಂದುಕೊಳ್ಳಿ. ಎರಡು ತಳಿಗಳಲ್ಲೂ ಇರುವುದು 3, ಒಂದರಲ್ಲಿ ಮಾತ್ರ ಇರುವುದು 2, ಎರಡರಲ್ಲೂ ಇಲ್ಲದ್ದು 15. ಎರಡರಲ್ಲೂ ಇಲ್ಲದ್ದನ್ನು ಲೆಕ್ಕಕ್ಕೆ ಹಿಡಿಯದ ಜಕಾರ್ಡ್ ಸೂತ್ರ ಹಾಕಿದರೆ ಹೋಲಿಕೆ 3/5, ಅಂದರೆ 0.6. ಅದನ್ನೂ ಹೋಲಿಕೆ ಅಂತ ಎಣಿಸುವ ಸಿಂಪಲ್ ಮ್ಯಾಚಿಂಗ್ ಹಾಕಿದರೆ 18/20, ಅಂದರೆ 0.9! ಇಬ್ಬರಲ್ಲೂ ಇಲ್ಲ ಅನ್ನೋದನ್ನು ನೆಂಟಸ್ತಿಕೆ ಅಂತ ಎಣಿಸಬೇಕೋ ಬೇಡವೋ ಅನ್ನೋದು ಸಸ್ಯಶಾಸ್ತ್ರದ ಪ್ರಶ್ನೆ, ಮೆನುವಿನದ್ದಲ್ಲ. ಬ್ಯಾಂಡ್ ಬಾರದಿರಲು ಕಾರಣ ಹಲವು ಇರುತ್ತವೆ, ಹಾಗಾಗಿ ನಾನಾದರೆ ಜಕಾರ್ಡ್ ಹಿಡಿಯುತ್ತೇನೆ. ಆರ್‌ನಲ್ಲಿ ದೂರ ಲೆಕ್ಕ ಹಾಕುವ ಡಿಸ್ಟ್ ಆಜ್ಞೆಯಲ್ಲಿ ಅದರ ಹೆಸರು ‘ಬೈನರಿ’, ಅಲ್ಲಿ ‘ಜಕಾರ್ಡ್’ ಅಂತ ಹುಡುಕಿದರೆ ಸಿಗಲ್ಲ.

ಈಗ ಎರಡೂ ಕಡೆ ಅದೇ ದೂರ, ಅದೇ ಲಿಂಕೇಜ್ ಹಾಕಿ ನೋಡಿ. ಆಮೇಲೂ ಬೇರೆ ಬಂದರೆ ಫೈಲಿನ ಸಾಲುಗಳನ್ನು ಹಿಂದೆಮುಂದೆ ಮಾಡಿ ಮತ್ತೆ ಓಡಿಸಿ. ಬ್ಯಾಂಡ್ ಡೇಟಾದಲ್ಲಿ ಎರಡು ಜೋಡಿಗಳ ಹೋಲಿಕೆ ಸರಿಸಮ ಆಗೋದು ಮಾಮೂಲು, ಆಗ ಯಾವುದನ್ನು ಮೊದಲು ಸೇರಿಸಬೇಕು ಅನ್ನೋದು ಸಾಲಿನ ಕ್ರಮದ ಮೇಲೂ ನಿಲ್ಲಬಹುದು. ಸಾಲು ಬದಲಿಸಿದಾಗ ಜಾಗ ಬಿಡುವ ತಳಿಗಳನ್ನು ಯಾವ ಗುಂಪಿಗೂ ಗಟ್ಟಿಯಾಗಿ ಸೇರಿಸಬೇಡಿ, ಥೀಸಿಸ್‌ನಲ್ಲಿ ಹಾಗಂತಲೇ ಬರೆಯಿರಿ.