ಎಲ್ಲಾ ಯಂತ್ರವೇ ಮಾಡುವಾಗ ಸಿಸ್ಟರ್ ಯಾಕೆ ಓದಬೇಕು?

ದಾವಣಗೆರೆಯ ಹೈಸ್ಕೂಲ್ ಮೇಷ್ಟ್ರೊಬ್ಬರ ಪತ್ರ ಬಂದಿದೆ. ಷಡ್ಡಕನಿಗೆ ಡೆಂಗಿ ಬಂದು ಪ್ಲೇಟ್‌ಲೆಟ್ ಇಳಿದಾಗ ಇವರು ಎಸ್‌ಡಿಪಿ (ಒಬ್ಬರೇ ದಾನಿಯ ರಕ್ತದಿಂದ ಯಂತ್ರ ಬೇರ್ಪಡಿಸಿ ತೆಗೆಯುವ ಪ್ಲೇಟ್‌ಲೆಟ್) ಕೊಡಲು ಹೋಗಿ ಒಂದೂವರೆ ತಾಸು ಮಲಗಿದ್ದರಂತೆ. "ಎಲ್ಲಾ ಯಂತ್ರವೇ ಮಾಡಿತು. ಸಿಸ್ಟರ್ ಪಕ್ಕದಲ್ಲಿ ಕೂತು, ತುಟಿ ಜುಮ್ಮೆನ್ನುತ್ತಾ ಸಾರ್ ಅಂತ ಆಗಾಗ ಕೇಳುತ್ತಿದ್ದರು. ಒಮ್ಮೆ ಚೀಪಲು ಮಾತ್ರೆ ಕೊಟ್ಟರು, ಅಷ್ಟೇ. ಇಷ್ಟಕ್ಕೆ ಬಿಎಸ್ಸಿ ನರ್ಸಿಂಗ್ ಆದವರು ಮತ್ತೊಂದು ವರ್ಷ ಓದಲಿ ಎಂದು ಕಳೆದ ಸಂಚಿಕೆಯಲ್ಲಿ ನೀವು ಬರೆದದ್ದು ಅತಿಯಾಯಿತು. ಸರ್ಟಿಫಿಕೇಟ್ ಹೆಚ್ಚಿದಷ್ಟೂ ಆಸ್ಪತ್ರೆ ಬಿಲ್ಲೂ ಹೆಚ್ಚುತ್ತದೆ" ಎನ್ನುತ್ತಾರೆ. ಮತ್ತೆ ಯಾವಾಗ ಕೊಡಬಹುದು ಎಂದೂ ಕೇಳಿದ್ದಾರೆ. ನಾವು ಬರೆದದ್ದು ಅಫೆರೆಸಿಸ್ ಬಗ್ಗೆ, ಅಂದರೆ ಯಂತ್ರದಿಂದ ರಕ್ತದ ಒಂದು ಅಂಶವನ್ನು ಬೇರ್ಪಡಿಸಿ ಉಳಿದದ್ದನ್ನು ಮೈಗೆ ವಾಪಸ್ ಬಿಡುವ ಕೆಲಸದ ಬಗ್ಗೆ.

ಬಿಲ್ಲಿನ ಮಾತು ಒಪ್ಪಿದೆ, ಮೇಷ್ಟ್ರೇ. ಹೊಸ ಕೋರ್ಸ್ ಬಂದರೆ ಅದರ ಹಿಂದೆಯೇ ಡೊನೇಷನ್ ಬರುತ್ತದೆ, ಹಾಜರಾತಿ ಮಾರುವ ಕಾಲೇಜೂ ಬರುತ್ತದೆ. ಕೈ ಪಳಗುವುದು ಕೆಲಸದಲ್ಲೇ ಎಂಬುದೂ ನಿಜ.

ಆದರೆ ನಿಮ್ಮ ವಾದವನ್ನು ನಿಮ್ಮ ಪತ್ರವೇ ಸೋಲಿಸಿದೆ. ಆ ಸಿಸ್ಟರ್ ತುಟಿಯ ಬಗ್ಗೆ ಕೇಳಿದ್ದೇಕೆ? ಯಂತ್ರದ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂದು ಸಿಟ್ರೇಟ್ ಬೆರೆಸುತ್ತಾರೆ. ಪ್ಲೇಟ್‌ಲೆಟ್ ತೆಗೆದುಕೊಂಡು ಉಳಿದ ರಕ್ತವನ್ನು ವಾಪಸ್ ಬಿಡುವಾಗ ಆ ಸಿಟ್ರೇಟ್ ಕೂಡ ನಿಮ್ಮ ಮೈಗೆ ಬರುತ್ತದೆ, ಬಂದು ರಕ್ತದ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರ ಮೊದಲ ಸುಳಿವು ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು. ಆಗಲೇ ವೇಗ ತಗ್ಗಿಸಿ ಕ್ಯಾಲ್ಸಿಯಂ ಕೊಟ್ಟರೆ ಸರಿ. ಕಡೆಗಣಿಸಿದರೆ ಕೈ ಸೆಟೆಯಬಹುದು, ಹೃದಯದ ಬಡಿತವೇ ತಪ್ಪಬಹುದು. ನಿಮ್ಮ ತುಟಿ ಜುಮ್ಮೆಂದದ್ದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ನೀವು ಚೀಪಿದ್ದು ಪೆಪ್ಪರ್‌ಮಿಂಟ್ ಅಲ್ಲ.

ನೀವಂತೂ ಗಟ್ಟಿಮುಟ್ಟಾದ ದಾನಿ. ಅದೇ ಕೆಲಸ ರೋಗಿಯ ಮೇಲೆ ನಡೆಯುವುದನ್ನು ಒಮ್ಮೆ ನೋಡಿ. ಗಿಲಾನ್ ಬಾರೆ ಎಂಬ ಕಾಯಿಲೆ ಗೊತ್ತಿರಬಹುದು: ಕಾಲಿನಿಂದ ಬಲ ಹೋಗುತ್ತಾ ಉಸಿರಾಟದವರೆಗೂ ಬರುತ್ತದೆ. ಇದಕ್ಕೆ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಬದಲಿಸುವ ಚಿಕಿತ್ಸೆ ನಮ್ಮ ನಿಮ್ಹಾನ್ಸ್‌ನಲ್ಲೂ ಇದೆ. ಸಾಮಾನ್ಯವಾಗಿ ಐದು ಸಲ, ಪ್ರತಿ ಸಲವೂ ಎರಡೂವರೆ ಮೂರು ಲೀಟರ್ ಪ್ಲಾಸ್ಮಾ ತೆಗೆದು ಅಲ್ಬುಮಿನ್ ಎಂಬ ಪ್ರೋಟೀನಿನ ದ್ರಾವಣ ತುಂಬಬೇಕು. ರೋಗಿಯ ತೂಕ, ರಕ್ತದಲ್ಲಿ ಕೆಂಪುಕಣದ ಪ್ರಮಾಣ ನೋಡಿ ಲೆಕ್ಕ ಹಾಕಬೇಕು. ಬಿಪಿಗೆ ಯಾವ ಮಾತ್ರೆ ನುಂಗುತ್ತಾರೆ ಎಂದು ಕೇಳಲೇಬೇಕು, ಏಕೆಂದರೆ ಎನಲಾಪ್ರಿಲ್ ಜಾತಿಯ ಮಾತ್ರೆ ತೆಗೆದುಕೊಂಡವರಿಗೆ ಅಲ್ಬುಮಿನ್ ಏರಿಸಿದರೆ ಬಿಪಿ ದಢಾರನೆ ಕುಸಿಯಬಹುದು. ಹಿಂದಿನ ದಿನವೇ ಅದನ್ನು ನಿಲ್ಲಿಸಿರಬೇಕು. ಬೆಳಗ್ಗಿನ ಔಷಧವನ್ನು ಚಿಕಿತ್ಸೆ ಮುಗಿದ ಮೇಲೆ ಕೊಡಬೇಕು. ಮೊದಲೇ ಕೊಟ್ಟರೆ ಅದರಲ್ಲಿ ಎಷ್ಟೋ ಭಾಗ ಪ್ಲಾಸ್ಮಾದ ಜೊತೆ ಚೀಲಕ್ಕೆ ಹೋಗುತ್ತದೆ. ಇನ್ನು ಪುಟ್ಟ ಮಗುವಾದರೆ ಅದರ ಮೈಯಲ್ಲಿರುವ ರಕ್ತವೇ ಕಡಿಮೆ, ಕೊಳವೆಗಳಿಗೇ ಸಾಕಷ್ಟು ಹೋಗಿಬಿಡುತ್ತದೆ. ಹಾಗಾಗಿ ಕೊಳವೆಗೆ ಮೊದಲೇ ಬೇರೆ ರಕ್ತ ತುಂಬಿಕೊಳ್ಳಬೇಕಾಗುತ್ತದೆ. ಇಲಿಪಾಷಾಣದ ಪೇಸ್ಟ್ ತಿಂದು ಯಕೃತ್ತು ಕೆಟ್ಟವರಿಗೂ ವೆಲ್ಲೂರಿನ ಸಿಎಂಸಿಯಲ್ಲಿ ಪ್ಲಾಸ್ಮಾ ಬದಲಿಸುತ್ತಾರೆ. ಇದನ್ನೆಲ್ಲ ಯಂತ್ರ ಮಾರಿದ ಕಂಪನಿಯ ಹುಡುಗ ಎರಡು ದಿನ ಡೆಮೋ ಕೊಟ್ಟು ಕಲಿಸಿ ಹೋಗುತ್ತಾನೆಯೇ? ನೀವೂ ಡಿಗ್ರಿ ಆದಮೇಲೆ ಬಿ.ಎಡ್. ಮಾಡಿದವರಲ್ಲವೇ? ಪಾಠಪುಸ್ತಕ ಇತ್ತಲ್ಲ, ಓದಿ ಹೇಳಿದ್ದರೆ ಆಗುತ್ತಿತ್ತು!

ಈ ಯಂತ್ರದ ಹುಟ್ಟೂ ಸ್ವಾರಸ್ಯದ್ದು. ಐಬಿಎಂನ ಎಂಜಿನಿಯರ್ ಜಾರ್ಜ್ ಜಡ್ಸನ್ ಅವರ ಮಗನಿಗೆ ಲ್ಯುಕೇಮಿಯಾ ಬಂತು. ಮಗನ ಚಿಕಿತ್ಸೆಗೆಂದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಗೆ ಹೋದವರು ಅಲ್ಲಿ ರಕ್ತ ಬೇರ್ಪಡಿಸುವ ಪಾಡು ನೋಡಿ, ಡಾ. ಎಮಿಲ್ ಫ್ರೈರೈಕ್ ಜೊತೆ ಸೇರಿದರು. 1965ರ ಹೊತ್ತಿಗೆ ಯಂತ್ರ ಸಿದ್ಧವಾಯಿತು. ಕಟ್ಟಿದವರ ಹೆಸರು ಚರಿತ್ರೆಯಲ್ಲಿದೆ, ಇರಲಿ. ಅಂದಿನಿಂದ ಇಂದಿನವರೆಗೆ ಅದರ ಪಕ್ಕ ಕೂತು ರೋಗಿಯ ಮುಖ ನೋಡಿದವರ ಹೆಸರು ಎಲ್ಲೂ ಕಾಣುವುದಿಲ್ಲ.

ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ರೋಗಿಗಳ ಅಫೆರೆಸಿಸ್ ಘಟಕಗಳನ್ನು ನಡೆಸುವವರೇ ವಿಶೇಷ ತರಬೇತಿ ಪಡೆದ ನರ್ಸುಗಳು. ನಮ್ಮಲ್ಲಿ ಎಂಎಸ್ಸಿ ನರ್ಸಿಂಗ್‌ಗೆ ಐದು ಶಾಖೆ, ಐಸಿಯುಗೆ ಎರಡು ವರ್ಷದ ನರ್ಸ್ ಪ್ರಾಕ್ಟೀಷನರ್ ಕೋರ್ಸ್, ಕ್ಯಾನ್ಸರ್ ಆರೈಕೆಗೆ ಒಂದು ವರ್ಷದ ಡಿಪ್ಲೊಮಾ ಇವೆ. ಆ ಐದು ಶಾಖೆಯಲ್ಲಿ ಅಫೆರೆಸಿಸ್ ಇಲ್ಲ. ನರ್ಸಿಂಗ್ ಕಾಲೇಜಿಗೆ ಬರವಿಲ್ಲದ ರಾಜ್ಯ ನಮ್ಮದು, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಮನಸ್ಸಿದ್ದರೆ ಇದನ್ನು ಕೈಗೆತ್ತಿಕೊಳ್ಳಬಾರದೇ?

ಇಲ್ಲಿ ನಡೆಯುವುದೇ ಬೇರೆ. ಯಂತ್ರ ಬಂದ ದಿನ ಟೇಪು ಕತ್ತರಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ. ಆರು ತಿಂಗಳಲ್ಲಿ ಕೆಲಸ ಕಲಿತ ಸಿಸ್ಟರನ್ನು ಹೆರಿಗೆ ವಾರ್ಡಿಗೆ ಹಾಕುತ್ತಾರೆ. ಸ್ನೇಹಿತರೊಬ್ಬರ ಮಗನನ್ನು ಸೇರಿಸಿದ್ದ ಆಸ್ಪತ್ರೆಯಲ್ಲಿ ಯಂತ್ರಕ್ಕೆ ಹಸಿರು ಬಟ್ಟೆ ಹೊದಿಸಿಟ್ಟಿದ್ದರು. ನಡೆಸುತ್ತಿದ್ದಾಕೆ ಐರ್ಲೆಂಡಿಗೆ ಹೋಗಿ ಆಗಿತ್ತು. ಹೋದದ್ದಕ್ಕೆ ಆಕೆಯನ್ನು ಬೈಯುವುದು ಸುಲಭ, ಇಲ್ಲಿ ಆಕೆಯ ವಿದ್ಯೆಗೆ ಪದನಾಮವೂ ಇರಲಿಲ್ಲ, ಒಂದು ಇನ್‌ಕ್ರಿಮೆಂಟೂ ಇರಲಿಲ್ಲ. ಕೋವಿಡ್ ಕಾಲ ನೆನಪಿದೆಯೇ? 2020ರಲ್ಲಿ ಗುಣವಾದವರ ರಕ್ತದಿಂದ ತೆಗೆದ ಪ್ಲಾಸ್ಮಾಕ್ಕಾಗಿ ಊರಿಗೆ ಊರೇ ಪ್ಲಾಸ್ಮಾ, ಪ್ಲಾಸ್ಮಾ ಎಂದು ಓಡಾಡಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಪರೀಕ್ಷಿಸಿ, ಅದರಿಂದ ಸಾವು ತಗ್ಗಲಿಲ್ಲ ಎಂದಿತು. 2021ರ ಮೇನಲ್ಲಿ ಮಾರ್ಗಸೂಚಿಯಿಂದಲೇ ತೆಗೆದರು. ಆ ಗದ್ದಲದಲ್ಲಿ ದಾನಿಗಳಿಗೆ ಶಾಲು ಹೊದಿಸಿದರು. ಯಂತ್ರಕ್ಕೆ ಕಿಟ್ ಏರಿಸಿ, ಸೂಜಿ ಚುಚ್ಚಿ, ಪಿಪಿಇ ತೊಟ್ಟು ಬೆವರಿದವರಿಗೆ ಮೇ 12ರ ದಾದಿಯರ ದಿನದಂದು ಒಂದು ಗುಲಾಬಿ ಸಿಕ್ಕಿತು.

ನಿಮ್ಮ ಕೊನೆಯ ಪ್ರಶ್ನೆಗೆ: ಎರಡು ಸಲ ಪ್ಲೇಟ್‌ಲೆಟ್ ಕೊಡುವುದರ ನಡುವೆ ಕನಿಷ್ಠ 48 ಗಂಟೆ ಬಿಡುವಿರಬೇಕು, ವಾರಕ್ಕೆ ಎರಡು, ವರ್ಷಕ್ಕೆ 24 ಸಲ ಮೀರಬಾರದು. ಆಸ್ಪಿರಿನ್ ನುಂಗಿದ್ದರೆ ಮೂರು ದಿನ ಕಾಯಿರಿ. ಖಂಡಿತ ಕೊಡಿ, ನಿಮ್ಮಂಥವರು ಬೇಕು. ಹೋದಾಗ ಆ ಸಿಸ್ಟರನ್ನು, ಈ ಕೆಲಸ ಎಲ್ಲಿ ಕಲಿತಿರಮ್ಮ, ಯಾರು ಕಲಿಸಿದರು ಎಂದು ಕೇಳಿ ನಮಗೆ ಬರೆಯಿರಿ. ಒಂದಕ್ಷರ ಕತ್ತರಿಸದೆ ಅಚ್ಚು ಹಾಕುತ್ತೇವೆ.

– ಸಂ.