‘ಜಾಸ್ 2’ ಮೊದಲ ಚಿತ್ರದ ಹತ್ತಿರವಾದರೂ ಬರುತ್ತದೆಯೇ?

ಶಾರ್ಕ್ ದಾಳಿಯ ‘ಜಾಸ್’ ಚಿತ್ರ ನೋಡಿ ಎರಡು ರಾತ್ರಿ ನಿದ್ದೆ ಬರಲಿಲ್ಲ ಎಂದಿದ್ದೀರಿ. ಎರಡನೆಯ ಭಾಗ ಅದಕ್ಕೆ ಸಮನಾಗಿದೆಯೇ, ಅದಕ್ಕೂ ಎರಡು ಗಂಟೆ ಕೊಡಬಹುದೇ ಎಂದು ಕೇಳಿದ್ದೀರಿ. ಸಮನಲ್ಲ. ಆದರೂ ಕೊಡಿ. ಶಾರ್ಕಿಗಾಗಿ ಅಲ್ಲ, ಪೊಲೀಸ್ ಮುಖ್ಯಸ್ಥ ಬ್ರೋಡಿಗಾಗಿ. ಇದನ್ನು ವಿವರಿಸಲು ಎರಡನೆಯ ಚಿತ್ರದ ಕಥೆಯನ್ನು ಸ್ವಲ್ಪ ಹೇಳಲೇಬೇಕಾಗುತ್ತದೆ. ಶಾರ್ಕಿನ ಗತಿ ಏನಾಯಿತು ಎಂಬುದನ್ನು ಮಾತ್ರ ಹೇಳುವುದಿಲ್ಲ.

ನಾನು ಹುಟ್ಟಿ ಬೆಳೆದದ್ದು ಸಕಲೇಶಪುರದ ಕಡೆಯ ಕಾಫಿ ತೋಟವೊಂದರಲ್ಲಿ. ಅಪ್ಪ ಅಲ್ಲಿ ರೈಟರ್, ಅಂದರೆ ತೋಟದ ಗುಮಾಸ್ತರು, ಆಗಿದ್ದರು. ನಮಗೆ ಕಡಲೆಂದರೆ ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಬರುತ್ತಿದ್ದ, ಮಂಜುಗಡ್ಡೆಯ ನೀರು ತೊಟ್ಟಿಕ್ಕುವ ಮೀನಿನ ಲಾರಿಗಳು, ಅಷ್ಟೇ. ಹಾಗಿದ್ದೂ ಕಾಲೇಜಿಗೆಂದು ಹಾಸನಕ್ಕೆ ಬಂದ ವರ್ಷ ಗೆಳೆಯನ ಕೋಣೆಯಲ್ಲಿ ಬಾಡಿಗೆ ಸಿಡಿ ತಂದು ‘ಜಾಸ್’ ನೋಡಿದಾಗ, ಇದು ನಮ್ಮ ತೋಟದ ಕಥೆಯಲ್ಲವೇ ಅನ್ನಿಸಿತ್ತು.

ನಾನು ಏಳನೆಯ ತರಗತಿಯಲ್ಲಿದ್ದಾಗ, ಕಾಫಿ ಕೊಯ್ಲಿನ ನಡುವೆ, ಒಂದು ಬೆಳಿಗ್ಗೆ ಅಪ್ಪ ತೋಟದ ಕೊಲ್ಲಿಯ (ಸಣ್ಣ ಹಳ್ಳದ) ಬದಿಯಲ್ಲಿ ಆನೆಯ ಲದ್ದಿ ನೋಡಿದರು. ಆನೆಗಳು ತಿನ್ನುವ ಬೈನೆ ಮರದ ನಾರು ತುಂಬಿದ, ಇನ್ನೂ ಬಿಸಿಯಾಗಿದ್ದ ಲದ್ದಿ. ಹೋಗಿ ಮಾಲೀಕರಿಗೆ ಹೇಳಿದರು. ಹಣ್ಣು ಉದುರುತ್ತಿದ್ದ ದಿನಗಳು ಅವು. ಆಳುಗಳು ಬಯಲುಸೀಮೆಯಿಂದ ಬಂದವರು, ಆನೆಯ ಸುದ್ದಿ ಕಿವಿಗೆ ಬಿದ್ದರೆ ಗಂಟುಮೂಟೆ ಕಟ್ಟಿ ಹೊರಡುವವರು. ‘ಕೊಯ್ಲು ಮುಗಿಯಲಿ, ಸುಮ್ಮನಿರಿ’ ಎಂದರು ಮಾಲೀಕರು. ಅಪ್ಪ ಸುಮ್ಮನಿದ್ದರು. ಮೂರನೆಯ ದಿನ ನಸುಕಿನಲ್ಲಿ ನೀರಿಗೆ ಹೋದ ಹೆಂಗಸೊಬ್ಬರನ್ನು ಆನೆ ಅಟ್ಟಿಸಿಕೊಂಡು ಬಂತು. ಆಕೆ ಚರಂಡಿಗೆ ಬಿದ್ದು ಕಾಲು ಮುರಿದುಕೊಂಡರು, ಜೀವ ಉಳಿಯಿತು. ಆಸ್ಪತ್ರೆಯಲ್ಲಿ ಆಕೆಯ ತಾಯಿ ಅಪ್ಪನ ಮುಖ ನೋಡಿ, ‘ನಿಮಗೆ ಗೊತ್ತಿತ್ತಲ್ಲ ರೈಟರೇ’ ಎಂದರಂತೆ.

ಈಗ ಮೊದಲ ಚಿತ್ರವನ್ನು ನೆನಪಿಸಿಕೊಳ್ಳಿ. ಅಮಿಟಿ ದ್ವೀಪದ ವ್ಯಾಪಾರವೆಲ್ಲ ಬೇಸಿಗೆಯ ಪ್ರವಾಸಿಗರ ಮೇಲೆ ನಿಂತಿದೆ. ಜುಲೈ 4ರ ರಜೆ, ಅಮೆರಿಕದ ಸ್ವಾತಂತ್ರ್ಯ ದಿನ, ಹತ್ತಿರ ಬಂದಿದೆ. ಮೇಯರ್ ಕಡಲತೀರ ಮುಚ್ಚಲು ಬಿಡುವುದಿಲ್ಲ, ಬ್ರೋಡಿ ಒಪ್ಪಿಕೊಳ್ಳುತ್ತಾನೆ, ಒಬ್ಬ ಹುಡುಗ ಸಾಯುತ್ತಾನೆ. ಹುಡುಗನ ತಾಯಿ ಕಪ್ಪು ಬಟ್ಟೆಯಲ್ಲಿ ಬಂದು ಎಲ್ಲರೆದುರು ಬ್ರೋಡಿಯ ಕೆನ್ನೆಗೆ ಹೊಡೆದು, ಶಾರ್ಕ್ ಇದೆ ಎಂದು ನಿನಗೆ ಗೊತ್ತಿತ್ತು ಎನ್ನುತ್ತಾಳೆ. ಆಕೆ ಹೇಳಿದ್ದು ಸರಿಯಲ್ಲ ಎಂದು ಮೇಯರ್ ಸಮಾಧಾನ ಹೇಳಲು ಬಂದರೆ, ಸರಿಯಾಗಿಯೇ ಹೇಳಿದಳು ಎನ್ನುತ್ತಾನೆ ಬ್ರೋಡಿ. ಆ ದೃಶ್ಯದಲ್ಲಿ ಶಾರ್ಕೂ ಇಲ್ಲ, ರಕ್ತವೂ ಇಲ್ಲ. ನನ್ನ ಮಟ್ಟಿಗೆ ಇಡೀ ಚಿತ್ರದಲ್ಲಿ ಎದೆ ಹಿಂಡುವುದು ಅದೇ.

ಭಯದ ವಿಷಯಕ್ಕೆ ಬಂದರೆ, ಮೊದಲ ಚಿತ್ರದ ದೊಡ್ಡ ಭಾಗ್ಯ ಎಂದರೆ ಅದರ ಯಂತ್ರದ ಶಾರ್ಕ್ ಕೆಟ್ಟು ನಿಂತದ್ದು. ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ ತೊಟ್ಟಿಯಲ್ಲಿ ಚಿತ್ರೀಕರಿಸದೆ ನಿಜವಾದ ಅಟ್ಲಾಂಟಿಕ್ ಕಡಲಿಗೇ ಇಳಿದರು. ಉಪ್ಪುನೀರು ಯಂತ್ರಗಳನ್ನು ತಿಂದುಹಾಕಿತು. 55 ದಿನಗಳಲ್ಲಿ ಮುಗಿಯಬೇಕಿದ್ದ ಚಿತ್ರೀಕರಣ 159 ದಿನಗಳವರೆಗೆ ಎಳೆಯಿತು. ಶಾರ್ಕ್ ಇಲ್ಲದೆಯೇ ಶಾರ್ಕನ್ನು ತೋರಿಸುವ ದಾರಿ ಹುಡುಕಬೇಕಾಯಿತು. ಮೊದಲ ದೃಶ್ಯದಲ್ಲಿ ರಾತ್ರಿ ಈಜಲು ಇಳಿದ ಹುಡುಗಿಯನ್ನು ಏನೋ ಅತ್ತಿತ್ತ ಜಗ್ಗುತ್ತದೆ, ಆ ‘ಏನೋ’ ನಮಗೆ ಕಾಣುವುದೇ ಇಲ್ಲ. ಆಮೇಲೆ ಈಟಿ ಎಸೆದು ಶಾರ್ಕಿಗೆ ಸಿಕ್ಕಿಸಿದ ಹಳದಿ ಪೀಪಾಯಿಗಳು. ನೀರಿನ ಮೇಲೆ ಪೀಪಾಯಿ ಸಾಗಿದರೆ ಸಾಕು, ಕೆಳಗೆ ಅದು ಇದೆ ಎಂದು ನಮ್ಮ ಬೆನ್ನುಹುರಿಗೇ ತಿಳಿಯುತ್ತದೆ. ಶಾರ್ಕ್ ಸರಿಯಾಗಿ ತಲೆ ಎತ್ತಿ ಕಾಣಿಸಿಕೊಳ್ಳುವಾಗ ಒಂದು ಗಂಟೆಗೂ ಹೆಚ್ಚು ಹೊತ್ತು ಕಳೆದಿರುತ್ತದೆ.

ಆನೆ ಇರುವ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಾತ್ರಿ ಆಳುಗಳ ಲೈನ್ ಮನೆಯ ಹಿಂದೆ ಬೈನೆ ಮರ ಮುರಿಯುವ ಸದ್ದು ಕೇಳುವಷ್ಟು ಹೊತ್ತು ಜೀವಕ್ಕೆ ಸ್ವಲ್ಪ ಸಮಾಧಾನವಿರುತ್ತದೆ, ಅದು ಅಲ್ಲಿದೆ ಎಂದು ಗೊತ್ತಿರುತ್ತದಲ್ಲ. ಸದ್ದು ನಿಂತಾಗ ಭಯ ಶುರುವಾಗುತ್ತದೆ. ಹಗಲಿನಲ್ಲಿ ಗದ್ದೆಯಾಚೆ ನಿಂತ ಅದೇ ಆನೆಯನ್ನು ಕಂಡರೆ ಆಗುವ ಭಯ ಬೇರೆ ಬಗೆಯದು. ಎಷ್ಟು ದೂರವಿದೆ, ಯಾವ ಕಡೆ ಓಡಬೇಕು ಎಂದು ಲೆಕ್ಕ ಹಾಕಲು ಬರುತ್ತದೆ.

ಜಾನ್ ವಿಲಿಯಮ್ಸ್ ಅವರ ಸಂಗೀತದ ಬಗ್ಗೆ ಒಂದು ಮಾತು. ಮೊದಲ ಚಿತ್ರದಲ್ಲಿ ಇಬ್ಬರು ಹುಡುಗರು ಶಾರ್ಕಿನದರಂತಹ ರಟ್ಟಿನ ರೆಕ್ಕೆ ಕಟ್ಟಿಕೊಂಡು ಜನರನ್ನು ಹೆದರಿಸುವಾಗ, ಶಾರ್ಕ್ ಬರುವುದನ್ನು ಸಾರುವ ಆ ಎರಡು ಸ್ವರಗಳು ಬರುವುದಿಲ್ಲ. ಸಂಗೀತ ನಮಗೆ ಸುಳ್ಳು ಹೇಳುವುದಿಲ್ಲ ಎಂದು ನಂಬುತ್ತೇವೆ. ಆಮೇಲೆ ಬ್ರೋಡಿ ದೋಣಿಯ ಹಿಂಬದಿಯಲ್ಲಿ ಗೊಣಗುತ್ತಾ ನೀರಿಗೆ ಮೀನಿನ ತುಂಡು ಎಸೆಯುತ್ತಿರುವಾಗ, ಯಾವ ಸಂಗೀತವೂ ಇಲ್ಲದೆ ಶಾರ್ಕ್ ಬಾಯಿ ತೆರೆದು ಏಳುತ್ತದೆ. ನಂಬಿಕೆ ಹುಟ್ಟಿಸಿ ಮುರಿಯುವ ಇಂತಹ ಕುಶಲತೆ ಎರಡನೆಯ ಚಿತ್ರದಲ್ಲಿ ನನಗೆ ಎಲ್ಲಿಯೂ ಸಿಗಲಿಲ್ಲ, ಸಂಗೀತ ಅವರದೇ ಆಗಿದ್ದರೂ.

‘ಜಾಸ್ 2’ ಬಂದದ್ದು 1978ರಲ್ಲಿ, ಮೊದಲನೆಯದು ಬಂದ ಮೂರು ವರ್ಷಗಳಿಗೆ. ಸ್ಪೀಲ್‌ಬರ್ಗ್ ಇರಲಿಲ್ಲ. ಮೊದಲು ಗೊತ್ತುಮಾಡಿದ ನಿರ್ದೇಶಕರನ್ನು ಚಿತ್ರೀಕರಣದ ನಡುವೆಯೇ ತೆಗೆದು, ಜಾನೋ ಶ್ವಾರ್ಕ್ ಅವರ ಕೈಗೆ ಕೊಟ್ಟರು. ಬ್ರೋಡಿಯ ಪಾತ್ರದ ರಾಯ್ ಶೈಡರ್ ಬಂದದ್ದೂ ಮನಸ್ಸಿನಿಂದಲ್ಲ, ಸ್ಟುಡಿಯೋ ಜೊತೆಗಿನ ಒಪ್ಪಂದದ ಬಾಕಿ ತೀರಿಸಲು. ಶಾರ್ಕ್ ಹೇಗಿರುತ್ತದೆ ಎಂಬುದು ಪ್ರೇಕ್ಷಕರಿಗೆ ಆಗಲೇ ಗೊತ್ತಿತ್ತು, ಇನ್ನು ಅಡಗಿಸಿಟ್ಟು ಏನು ಫಲ? ಹಾಗಾಗಿ ಧಾರಾಳವಾಗಿ ತೋರಿಸಿದ್ದಾರೆ. ಆರಂಭದಲ್ಲೇ ದೋಣಿಯೊಂದು ಸ್ಫೋಟಿಸಿ ಶಾರ್ಕಿನ ಮುಖ ಸುಡುತ್ತದೆ. ಆಮೇಲೆ ಆ ಸುಟ್ಟ ಮುಖ ಮತ್ತೆ ಮತ್ತೆ ಎದುರಿಗೆ ಬರುತ್ತದೆ. ಒಂದು ಹಂತದಲ್ಲಿ ಹೆಲಿಕಾಪ್ಟರನ್ನೇ ನೀರಿಗೆ ಎಳೆಯುತ್ತದೆ. ನನಗೆ ಆಗ ಕಾಣುವುದು ಯಂತ್ರ ಮಾತ್ರ.

ಇದಕ್ಕಿಂತ ದೊಡ್ಡ ನಷ್ಟ ಮನುಷ್ಯರದು. ಮೊದಲ ಚಿತ್ರದ ಕೊನೆಯ ಭಾಗದಲ್ಲಿ ಒಂದು ಹಳೆಯ ದೋಣಿ, ಮೂರು ಜನ. ನೀರೆಂದರೆ ಹೆದರುವ ಪೊಲೀಸ್, ಓದಿಕೊಂಡ ವಿಜ್ಞಾನಿ, ಕಡಲಲ್ಲೇ ಮುದುಕನಾಗುತ್ತಿರುವ ಬೇಟೆಗಾರ ಕ್ವಿಂಟ್. ರಾತ್ರಿ ಕುಡಿದು ಮೈಮೇಲಿನ ಗಾಯದ ಗುರುತುಗಳನ್ನು ತೋರಿಸಿಕೊಂಡು ನಗುತ್ತಾರೆ. ಆ ನಗುವಿನ ನಡುವೆ ಕ್ವಿಂಟ್ ಅಮೆರಿಕದ ಯುದ್ಧನೌಕೆ ‘ಇಂಡಿಯಾನಾಪೊಲಿಸ್’ನ ಕಥೆ ಹೇಳುತ್ತಾನೆ. ಅದು ನಡೆದ ಸಂಗತಿ. ಅಣುಬಾಂಬಿನ ಭಾಗಗಳನ್ನು ತಲುಪಿಸಿ ಹೊರಟ ಆ ಹಡಗನ್ನು 1945ರ ಜುಲೈ ಕೊನೆಯಲ್ಲಿ ಜಪಾನಿನ ಜಲಾಂತರ್ಗಾಮಿ ಮುಳುಗಿಸಿತು. ಸುಮಾರು 1,200 ಜನರಲ್ಲಿ ಬದುಕಿ ಬಂದವರು 316. ಮಿಕ್ಕವರಲ್ಲಿ ಎಷ್ಟೋ ಜನ ದಿನಗಟ್ಟಲೆ ನೀರಿನಲ್ಲಿ ತೇಲಿ, ಬಾಯಾರಿ, ಶಾರ್ಕುಗಳ ನಡುವೆ ಸತ್ತರು. ಕ್ವಿಂಟ್ ಪಾತ್ರದ ರಾಬರ್ಟ್ ಶಾ ಅದನ್ನು ಹೇಳುವ ತಗ್ಗಿದ ದನಿ ಕೇಳಿದ ಮೇಲೆ ಕ್ವಿಂಟ್‌ನ ಹಟ ನಮಗೆ ಹುಚ್ಚು ಎನ್ನಿಸುವುದಿಲ್ಲ. ಎರಡನೆಯದರಲ್ಲಿ ಈ ಮೂವರ ಜಾಗಕ್ಕೆ ಬಂದವರು ಹಾಯಿದೋಣಿಗಳಲ್ಲಿ ಹೊರಟ ಹದಿಹರೆಯದ ಹುಡುಗ ಹುಡುಗಿಯರ ಗುಂಪು. ಬ್ರೋಡಿಯ ಮಕ್ಕಳಿಬ್ಬರು ಅದರಲ್ಲಿದ್ದಾರೆ ಎಂಬುದಷ್ಟೇ ನಮ್ಮ ಕಾಳಜಿಗೆ ಆಧಾರ. ಉಳಿದವರ ಹೆಸರು ನನಗೆ ಇಂದಿಗೂ ನೆನಪಿಲ್ಲ.

ಹಾಗಾದರೆ ನೋಡಿ ಎಂದು ಯಾಕೆ ಹೇಳಿದೆ? ಅದರ ಮೊದಲ ಒಂದು ಗಂಟೆಗಾಗಿ. ಬ್ರೋಡಿಗೆ ಮತ್ತೊಂದು ಶಾರ್ಕ್ ಇದೆ ಎಂಬ ಅನುಮಾನ. ಯಾರೂ ನಂಬುವುದಿಲ್ಲ. ಒಂದು ದಿನ ಕಡಲತೀರದ ಅಟ್ಟಣಿಗೆಯ ಮೇಲೆ ಕಾವಲು ಕುಳಿತವನಿಗೆ ನೀರಿನಲ್ಲಿ ಕಪ್ಪು ನೆರಳು ಕಾಣುತ್ತದೆ. ಕೆಳಗೆ ಓಡಿಬಂದು, ಎಲ್ಲರೂ ಹೊರಗೆ ಬನ್ನಿ ಎಂದು ಕಿರುಚುತ್ತಾ ಪಿಸ್ತೂಲಿನಿಂದ ನೀರಿಗೆ ಗುಂಡು ಹಾರಿಸುತ್ತಾನೆ. ಅದು ಸಣ್ಣ ಮೀನುಗಳ ಹಿಂಡು. ಚೆದುರಿ ಓಡಿದ ಜನ ನಿಂತು ಅವನನ್ನು ನೋಡುತ್ತಾರೆ. ಮರಳಿನ ಮೇಲೆ ಬಿದ್ದ ಖಾಲಿ ತೋಟಾಗಳನ್ನು ಅವನು ಹೆಕ್ಕುತ್ತಾನೆ. ಊರಿನ ಆಡಳಿತ ಅವನನ್ನು ಕೆಲಸದಿಂದ ತೆಗೆಯುತ್ತದೆ.

ಆಸ್ಪತ್ರೆಯ ಆ ಮಾತಿನ ಮರುವರ್ಷ ಅಪ್ಪ ಸುಮ್ಮನಿರಲಿಲ್ಲ. ಒಂದು ರಾತ್ರಿ ಗದ್ದೆಯ ಕಡೆ ಸದ್ದು ಕೇಳಿ ತಗಡು ಬಡಿದು ಲೈನ್ ಮನೆಯವರನ್ನೆಲ್ಲ ಎಬ್ಬಿಸಿದರು. ಮಕ್ಕಳನ್ನು ಎತ್ತಿಕೊಂಡು ಜನ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಮನೆಗೆ ಓಡಿದರು. ಬೆಳಕು ಬಿಟ್ಟು ನೋಡಿದರೆ ಪಕ್ಕದ ಊರಿನ ನಾಲ್ಕು ಎಮ್ಮೆಗಳು. ಆ ಕೊಯ್ಲು ಮುಗಿಯುವವರೆಗೂ ಅಪ್ಪ ಬಂದ ಕಡೆಯೆಲ್ಲ ಯಾರಾದರೊಬ್ಬರು ಎಮ್ಮೆಯ ಹಾಗೆ ಕೂಗುತ್ತಿದ್ದರು. ಮಾಲೀಕರು ಎಲ್ಲರೆದುರು, ಇನ್ನು ಮೇಲೆ ಲೆಕ್ಕದ ಪುಸ್ತಕ ಮಾತ್ರ ನೋಡಿಕೊಳ್ಳಿ ಎಂದರು. ಆಮೇಲೆ ಅಪ್ಪ ಯಾರನ್ನೂ ಎಬ್ಬಿಸಲಿಲ್ಲ. ಸದ್ದು ಕೇಳಿದರೆ ಬ್ಯಾಟರಿ ಹಿಡಿದು ತಾವೊಬ್ಬರೇ ಹೋಗಿ ನೋಡಿ ಬರುತ್ತಿದ್ದರು. ಅವರು ತಿರುಗಿ ಬಂದು ಬಾಗಿಲು ತಟ್ಟುವವರೆಗೆ ಅಮ್ಮ ದೀಪ ಆರಿಸುತ್ತಿರಲಿಲ್ಲ.

ಎರಡನೆಯ ಚಿತ್ರದ ಬಗ್ಗೆ ನನಗಿರುವ ಇನ್ನೊಂದು ತಕರಾರನ್ನೂ ಹೇಳಿಬಿಡುತ್ತೇನೆ. ಮೊದಲ ಚಿತ್ರದ ಶಾರ್ಕ್ ಹಸಿದ ಪ್ರಾಣಿ. ಎರಡನೆಯದರಲ್ಲಿ ಅದಕ್ಕೆ ಹಗೆಯ ಮುಖ ಬಂದಿದೆ, 1987ರ ನಾಲ್ಕನೆಯ ಭಾಗದ ಹೊತ್ತಿಗೆ ಅದು ಬ್ರೋಡಿಯ ಕುಟುಂಬವನ್ನೇ ಹುಡುಕಿಕೊಂಡು ಬರುತ್ತದೆ. ಮೂಲ ಕಾದಂಬರಿ ಬರೆದ ಪೀಟರ್ ಬೆಂಚ್ಲಿ, ಶಾರ್ಕುಗಳ ಬಗ್ಗೆ ಹೆಚ್ಚು ತಿಳಿದ ಮೇಲೆ, ಕೊನೆಯ ವರ್ಷಗಳನ್ನು ಅವುಗಳ ರಕ್ಷಣೆಗಾಗಿ ದುಡಿಯುತ್ತಾ ಕಳೆದರು. ನಮ್ಮ ಕಡೆ ಒಂದು ಆನೆಗೆ ಪುಂಡಾನೆ ಎಂಬ ಹೆಸರು ಬಿದ್ದ ಮೇಲೆ, ಅದು ಯಾಕೆ ತೋಟಕ್ಕೆ ಬಂತು ಎಂದು ಕೇಳುವವರು ಇರುವುದಿಲ್ಲ. ಸುಟ್ಟ ಮುಖದ ಶಾರ್ಕನ್ನು ನೋಡುವಾಗ ನನಗೆ ಇದೇ ಕಸಿವಿಸಿ.

ಅಪ್ಪ ನಿವೃತ್ತರಾಗಿ ಹಾಸನದ ಮನೆಗೆ ಬಂದ ಮೇಲೆ ಎರಡೂ ಚಿತ್ರಗಳನ್ನು ಅವರಿಗೆ ತೋರಿಸಿದೆ. ಸಂಭಾಷಣೆಯನ್ನು ನಾನು ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ಹೇಳುತ್ತಿದ್ದೆ. ಮೊದಲನೆಯದನ್ನು ಅಲುಗಾಡದೆ ನೋಡಿದರು. ಎರಡನೆಯದರಲ್ಲಿ ಮೀನಿನ ಹಿಂಡಿನ ದೃಶ್ಯ ಬಂದಾಗ ಒರಗಿದ್ದವರು ನೆಟ್ಟಗೆ ಕುಳಿತು, ‘ಅದನ್ನು ಇನ್ನೊಮ್ಮೆ ಹಾಕು’ ಎಂದರು. ಹಾಕಿದೆ. ಹೆಲಿಕಾಪ್ಟರ್ ಬರುವ ಹೊತ್ತಿಗೆ ಎದ್ದು ಹೋಗಿ ಮಲಗಿದ್ದರು. ಬೆಳಿಗ್ಗೆ ಕಾಫಿ ಕುಡಿಯುವಾಗ ಶಾರ್ಕ್ ಏನಾಯಿತು ಎಂದು ಕೇಳಲಿಲ್ಲ. ‘ಆ ಪೊಲೀಸಿನವನಿಗೆ ಕೆಲಸ ಮತ್ತೆ ಕೊಟ್ಟರೇ?’ ಎಂದು ಕೇಳಿದರು. ಚಿತ್ರ ಕಡಲಿನಲ್ಲೇ ಮುಗಿದುಹೋಗುತ್ತದೆ ಅಪ್ಪ, ಅದನ್ನು ಹೇಳುವುದಿಲ್ಲ ಎಂದೆ.